ಎರಡು ಗಿಡಕ್ಕೆ ಹತ್ತು ವರ್ಷ, ಒಂದು ಪೊಟ್ಟಣಕ್ಕೆ ದಂಡ: ನಮ್ಮ ಸಂಸದರಿಗೆ ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ಇಲ್ಲಿ ಯಾರನ್ನು ಕೇಳಿದರೂ "ಅದು ಕೇಂದ್ರದ ಕಾನೂನು, ನಮ್ಮ ಕೈಲಿಲ್ಲ" ಅಂದರು. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ. ಗಾಂಜಾ ವಿಷಯ. ಮುಖ ಸಿಂಡರಿಸಬೇಡಿ, ನಾನು ಬೀಡಿಯೂ ಸೇದುವವನಲ್ಲ.

ಕೊಡಗಿನ ಸಿದ್ದಾಪುರದ ಕಡೆ ನನ್ನದು ಆರು ಎಕರೆ ರೋಬಸ್ಟಾ ಕಾಫಿ ತೋಟ. ಹೋದ ಡಿಸೆಂಬರಿನಲ್ಲಿ ಕೆಲಸದವರ ಲೈನ್ ಮನೆಯ ಹಿಂದೆ ಪೊಲೀಸರಿಗೆ ಎರಡು ಗಾಂಜಾ ಗಿಡ ಸಿಕ್ಕವು. ಒಡೆದ ಬಕೆಟ್ಟಿನಲ್ಲಿ, ಸೂಜಿಮೆಣಸಿನ ಪಕ್ಕ. ನೆಟ್ಟವನು ಎರಡು ವರ್ಷದಿಂದ ನಮ್ಮಲ್ಲಿ ಕೆಲಸಕ್ಕಿದ್ದ ಹುಡುಗ. ಗಿಡ ಕಿತ್ತರು. ತೂಗಲು ಅವರ ಹತ್ತಿರ ಏನೂ ಇರಲಿಲ್ಲ, ನಾನು ಕಾಫಿ ತೂಗುವ ಮೆಷಿನ್ ಕೇಳಿದರು, ಕೊಟ್ಟೆ. ಬೇರಿನ ಮಣ್ಣನ್ನೂ ಕೊಡವದೆ ಹಾಗೇ ಇಟ್ಟರು. ಒಂದು ಕೆಜಿ ಇನ್ನೂರು ಗ್ರಾಂ. "ಸಾರ್, ಮಣ್ಣು?" ಅಂದೆ. "ನಿಮ್ಮ ತೋಟದ ಮಣ್ಣೇ ಅಲ್ವಾ" ಅಂದರು ಒಬ್ಬರು. ಉಳಿದವರು ನಕ್ಕರು.

1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತುಗಳ ಕಾಯ್ದೆ, ನಿಮಗೆ ಗೊತ್ತಿರುವುದೇ. ಅದರ ಪ್ರಕಾರ ಗಾಂಜಾ ಅಂದರೆ ಹೂ ಅಥವಾ ಕಾಯಿ ಬಿಟ್ಟ ತುದಿ. ಬರೀ ಎಲೆಯಲ್ಲ, ಬರೀ ಬೀಜವಲ್ಲ. ಮಣ್ಣಂತೂ ಅಲ್ಲವೇ ಅಲ್ಲ.

ಆಮೇಲೆ ಶುರುವಾಯಿತು ನನ್ನ ಓಡಾಟ. ಗೊತ್ತಿದ್ದೂ ಜಾಗ ಕೊಟ್ಟರೆ ಮಾತ್ರ ಮಾಲೀಕನ ಮೇಲೆ ಕೇಸು ಅಂತ ಅದೇ ಕಾಯ್ದೆಯಲ್ಲಿದೆ, ಆದರೂ ಇಲ್ಲಿಯವರೆಗೆ ಹನ್ನೊಂದು ಸಲ ಕರೆಸಿದ್ದಾರೆ, ಅದೂ ಕೊಯ್ಲಿನ ಹೊತ್ತಿನಲ್ಲಿ. ಹೋದರೆ ಸಂಜೆಯವರೆಗೆ ಸುಮ್ನೆ ಬೆಂಚಿನ ಮೇಲೆ ಕೂರಬೇಕು. ಜನವರಿಯಲ್ಲಿ ಒಂದು ದಿನ ಹಾಗೆ ಕೂತಿದ್ದಾಗಲೇ ಮಳೆ ಬಂತು. ಕಣದ ತುಂಬ ಒಣಗಲು ಹಾಕಿದ ಕಾಫಿ ಹಣ್ಣು ಹರಡಿತ್ತು. ಹೆಂಡತಿ ಒಬ್ಬಳೇ ಟಾರ್ಪಾಲ್ ಎಳೆದಾಡಿದಳು, ಅರ್ಧ ಮುಚ್ಚುವಷ್ಟರಲ್ಲಿ ಇನ್ನರ್ಧ ನೆನೆದಿತ್ತು. ಬೂಸ್ಟು ಹಿಡಿದ ಕಾಫಿಗೆ ವ್ಯಾಪಾರಿ ಎಷ್ಟು ಕೊಡುತ್ತಾನೆ ಅಂತ ಕೊಡಗಿನ ಸಂಸದರಿಗೆ ಹೇಳಬೇಕಾಗಿಲ್ಲ.

ಹುಡುಗ ಇನ್ನೂ ಒಳಗಿದ್ದಾನೆ. ಜಾಮೀನಿಗೆ ನಾನು ಸಹಿ ಹಾಕಲು ಹೋದರೆ "ನಿನಗೂ ಪಾಲಿತ್ತಾ?" ಅಂತಾರೆ.

ಇನ್ನು ಶನಿವಾರ ಬಂದರೆ ನನ್ನ ಗೇಟಿನೆದುರು ಸಾಲಾಗಿ ಪ್ರವಾಸಿಗರ ಕಾರು. ಕಿಟಕಿಯಿಂದ ಬರುವ ಹೊಗೆ ಸಿಗರೇಟಿನದ್ದಲ್ಲ ಅಂತ ನಮ್ಮ ನಾಯಿಗೂ ಗೊತ್ತು. ಅವರು ಸಿಕ್ಕಿಬಿದ್ದರೂ ಜೇಬಿನಲ್ಲಿರುವುದು ಒಂದು ಕೆಜಿ ಒಳಗಿನ ಮಾಲು, ಹೆಚ್ಚೆಂದರೆ ಒಂದು ವರ್ಷ, ಇಲ್ಲವೇ 10,000 ದಂಡ ಕಟ್ಟಿ ಹೋಂಸ್ಟೇಗೆ ವಾಪಸ್. ಬಕೆಟ್ಟಿನಲ್ಲಿ ಗಿಡ ನೆಟ್ಟವನಿಗೆ? 10 ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷದವರೆಗೆ ದಂಡ. ಗಿಡ ಎರಡೋ ಇನ್ನೂರೋ, ಅದನ್ನು ಕಾಯ್ದೆ ಕೇಳುವುದಿಲ್ಲ. ಕೊಂಡು ಸೇದುವವನಿಗಿಂತ ಬೆಳೆದು ಸೇದುವವನು ದೊಡ್ಡ ಕಳ್ಳ! ಇದು ಯಾವ ನ್ಯಾಯ ಸ್ವಾಮಿ?

ನಾನು ಕೇಳುವುದು ಇಷ್ಟೇ. ಸಂಸತ್ತಿನಲ್ಲಿ ಈ ಮಾತು ಎತ್ತಿ. ವಯಸ್ಸಿಗೆ ಬಂದವರಿಗೆ ಲೈಸೆನ್ಸ್ ಅಂಗಡಿಯಲ್ಲಿ, ತೆರಿಗೆ ಹಾಕಿ ಮಾರುವ ಹಾಗೆ ಕಾನೂನು ಮಾಡಿ. ಮದ್ಯಕ್ಕೆ ಲೈಸೆನ್ಸ್ ಕೊಟ್ಟು ಖಜಾನೆ ತುಂಬಿಸಿಕೊಳ್ಳುವ ಸರ್ಕಾರಕ್ಕೆ ಇದೇನು ಹೊಸ ವಿದ್ಯೆಯಲ್ಲ. ಕೆನಡಾ 2018ರಲ್ಲೇ ಮಾಡಿತು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡವರು ಮನೆಯಲ್ಲಿ ಮೂರು ಗಿಡ ಬೆಳೆಸಿಕೊಳ್ಳಬಹುದು. ನಮ್ಮ ಹುಡುಗನದು ಎರಡೇ ಇತ್ತು! ಥಾಯ್ಲೆಂಡಿನವರು 2022ರಲ್ಲಿ ನೆಟ್ಟಗೆ ನಿಯಮ ಮಾಡದೆ ಗಾಂಜಾ ಮುಕ್ತ ಮಾಡಿ, 2025ರಲ್ಲಿ ವೈದ್ಯರ ಚೀಟಿ ಬೇಕು ಅಂತ ಹಿಂದೆ ಸರಿದರು, ಅದೂ ಗೊತ್ತು. ಹಾಗಾಗದಂತೆ ಮೊದಲೇ ನಿಯಮ ಮಾಡಿ. ಮಕ್ಕಳು ಹಾಳಾಗುತ್ತಾರೆ ಅಂತೀರಾ? ಈಗ ಮಾರುವವನು ಮಕ್ಕಳ ಆಧಾರ್ ಕಾರ್ಡ್ ನೋಡಿ ಕೊಡುತ್ತಿದ್ದಾನಾ?

ಅಷ್ಟು ಧೈರ್ಯ ಇಲ್ಲ ಅಂದರೆ ಒಂದೆರಡು ಗಿಡಕ್ಕೆ ಜೈಲು ಬೇಡ, ದಂಡ ಸಾಕು ಅಂತಾದರೂ ತಿದ್ದುಪಡಿ ತನ್ನಿ. ಅದೂ ಆಗದಿದ್ದರೆ ಒಂದು ಪ್ರಶ್ನೆಯನ್ನಾದರೂ ಕೇಳಿ. ಸಂಸತ್ತಿನಲ್ಲಿ ಈ ಮಾತು ಎತ್ತಿ ಸಾರ್, ಅಷ್ಟೇ.

ಅಂದಹಾಗೆ, ನನ್ನ ತೂಕದ ಮೆಷಿನ್ನನ್ನೂ ಅವರು ತೆಗೆದುಕೊಂಡು ಹೋಗಿದ್ದಾರೆ, ಕೇಸಿಗೆ ಬೇಕಂತೆ. ಈ ಸಲದ ಕೊಯ್ಲನ್ನೆಲ್ಲ ಪಕ್ಕದ ತೋಟದವರ ಮೆಷಿನ್ ಬೇಡಿ ತಂದು ತೂಗಿದೆ. ಅದನ್ನಾದರೂ ಬಿಡಿಸಿ ಕೊಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಸಣ್ಣ ಬೆಳೆಗಾರ