ಪುಣೆದಾಗಿನ ದೋಸ್ತಗ

ದೋಸ್ತ,

ಅಪ್ಪ ಹೋದದ್ದಕ್ಕ ತಪ್ಪು ನಂದೇ ಅನ್ನೋ ಈ ಭಾರ ಹೆಂಗ ಇಳಸ್ಕೊಳ್ಲಿ ಅಂತ ಫೋನಿನ್ಯಾಗ ನೀ ಕೇಳಿದ್ದಕ್ಕ ಇಲ್ಲಿ ಬರೀಲತ್ತೀನಿ. ನಿನ್ನ ಹೆಸರು ಹಾಕಿಲ್ಲ. ಸೇಡಂ, ಚಿಂಚೋಳಿ, ಆಳಂದ ಕಡಿಂದ ಪುಣೆ, ಮುಂಬೈ, ಬೆಂಗಳೂರಿಗೆ ಹೋದ ಭಾಳ ಮಂದೀದು ಇದೇ ಗೋಳು, ಅವರೂ ಓದ್ಲಿ. ಜಿಂಗ್ಯಾನ ಸೈಕಲ್ ವಿಷಯ ಮಾತ್ರ ಎತ್ತಂಗಿಲ್ಲ, ಮಾತು ಕೊಟ್ಟೀನಿ.

"ನಾ ಊರಾಗ ಇದ್ದಿದ್ರ ಅಪ್ಪ ಉಳೀತಿದ್ರು" ಅಂತಿ. ಸರಿ, ಒಂದು ಹಾಳಿ ತಗೊ. ಮನಸಿನ್ಯಾಗೇ ಲೆಕ್ಕ ಹಾಕಬ್ಯಾಡ, ರಾತ್ರಿ ಹನ್ನೆರಡಕ್ಕಂತೂ ಬ್ಯಾಡೇ ಬ್ಯಾಡ. ಆ ಹೊತ್ತಿನ್ಯಾಗ ಊರ ತಪ್ಪೆಲ್ಲಾ ನಿಂದೇ ಅನಸ್ತದ. ಮುಂಜಾನಿ ಚಹಾ ಕುಡದು ಕೂಡು. ರೊಟ್ಟಿಯಷ್ಟು ದೊಡ್ಡ ಗುಂಡು ಬರಿ. ಅಪ್ಪ ಹೋಗಲಿಕ್ಕೆ ಏನೇನು ಕಾರಣ ಅದಾವ, ಬಾಜೂಕ ಒಂದೊಂದೇ ಬರಕೋತ ಹೋಗು. ಬಿಪಿ ಗುಳಿಗಿ ಅವರೇ ನಿಲ್ಲಿಸಿದ್ರು. ಲಕ್ವಾ ಹೊಡದದ್ದು ನಿದ್ದಿಯೊಳಗ. ಮಿದುಳಿನ್ಯಾಗಿನ ರಕ್ತದ ಹೆಪ್ಪು ಕರಗಸೋ ಇಂಜೆಕ್ಷನ್ನು ಲಕ್ವಾ ಶುರುವಾಗಿ 4.5 ತಾಸಿನೊಳಗ ಬೀಳಬೇಕು, ಅದಕ್ಕೂ ಮೊದಲ ಸಿ.ಟಿ. ಸ್ಕ್ಯಾನ್ ಆಗಬೇಕು. ಮುಂಜಾನಿ ಎಬ್ಬಸಲಿಕ್ಕೆ ಹೋದಾಗ ಗೊತ್ತಾದ್ರ ಶುರುವಾದದ್ದು ಯಾವಾಗಂತ ಯಾರು ಹೇಳಬೇಕು? ಮ್ಯಾಲ ಮಂದಿ ಮೊದಲ ನಾಟಿ ಔಷಧಕ್ಕ ಒಯ್ದ್ರು. ಈಗ ಗುಂಡಿನ್ಯಾಗ ಒಂದೊಂದಕ್ಕೂ ನೂರರಾಗ ಎಷ್ಟು ಪಾಲಂತ ಹಂಚು. ನಿನ್ನ ಪಾಲು ಕಡೀಗೆ. ಮೊದಲೇ ಹಾಕಿದ್ರ ನೀ 80 ತಗೊಂಡು ಕೂಡ್ತಿ, ಉಳಿದ ಕಾರಣಕ್ಕ ಜಾಗಾನೇ ಇರಂಗಿಲ್ಲ.

ಹಂಗಂತ ಸೊನ್ನಿ ಬರೀಬ್ಯಾಡ, ಅದನ್ನ ನೀನೇ ನಂಬಂಗಿಲ್ಲ. ಐದೋ ಹತ್ತೋ ಉಳೀತದ: ಫೋನ್ ಮಾಡಿದಾಗೆಲ್ಲ ಮಳಿ ಬೆಳಿ ಕೇಳಿದಿ, ಗುಳಿಗಿ ಕೇಳಲಿಲ್ಲ. ಅದು ಖರೇ ನಿಂದು. ಅದಕ್ಕಷ್ಟೇ ಕೆಲಸ ಹಚ್ಚು.

ಮಂದಿ ಎಡವೋದು ಇಲ್ಲೇ. ಅಪ್ಪಗ ಸೇರ್ತಿದ್ದವಂತ ನೀ ಮಾವಿನಹಣ್ಣು ತಿನ್ನೋದು ಬಿಟ್ಟಿಯಂತ. ತಪ್ಪು ತುಂಬಿಕೊಡೋ ದಾರಿ ಮುಚ್ಚಿದಾಗ ಮನುಷ್ಯ ತನಗ ತಾನೇ ಶಿಕ್ಷಾ ಕೊಟ್ಕೋತಾನ. ನೆಲಿಸೆನ್ ಮತ್ತ ಝೀಲೆನ್‌ಬರ್ಗ್ ಅನ್ನೋ ಡಚ್ ಸಂಶೋಧಕರು 2009ರಾಗೇ ಇದನ್ನ ಪ್ರಯೋಗ ಮಾಡಿ ತೋರಿಸ್ಯಾರ. ನೀ ಹಣ್ಣು ಬಿಟ್ರ ಮಾವಿನ ಮಾರವ್ವಗಷ್ಟೇ ಲುಕ್ಸಾನು. ಇಲ್ಲಾ, ಅವ್ವಗ ದೊಡ್ಡ ಟಿವಿ ಕಳಸ್ತಾರ. ಅವ್ವ ಅದರ ಮ್ಯಾಲ ಟವೆಲ್ ಹೊಚ್ಚಿ ಇಟ್ಟಾಳ. ಆಕಿಗೊಂದು ಬಿಪಿ ಮಷಿನ್ ಕೊಡಸು. ಐದು ನಿಮಿಷ ಸುಮ್ಮ ಕೂತು, ತೋಳು ಎದಿ ಮಟ್ಟಕ್ಕಿಟ್ಟು, ಒಂದು ನಿಮಿಷ ಬಿಟ್ಟು ಎರಡು ಸಲ ನೋಡಲಿ. ಐತವಾರ ನೀನೇ ಫೋನ್ ಹಚ್ಚಿ ನಂಬರ್ ಬರಕೊ. ವಾರ ತಪ್ಪಿಸಬ್ಯಾಡ.

ಅಕ್ಕನ ಕೂಡ ಮಾತು ಬ್ಯಾರೆ ಅದ. ಆಕಿ ಒಬ್ಬಾಕಿನೇ ದವಾಖಾನಿಗೆ ಓಡ್ಯಾಡ್ಯಾಳ. ಕ್ಷಮಾ ಕೇಳೋ ರೀತಿ ಬಗ್ಗೆ ಅಮೆರಿಕದ ಲೆವಿಕಿ ಮತ್ತ ಅವರ ಜೋಡಿಯವರು 2016ರಾಗ ಬರದದ್ದದ: ಮಂದಿಗೆ ಎಲ್ಲಕ್ಕಿಂತ ನಾಟೋದು "ತಪ್ಪು ನಂದು" ಅನ್ನೋ ಮಾತು, ಆಮ್ಯಾಲ "ಇದನ್ನ ಹಿಂಗ ಸರಿ ಮಾಡ್ತೀನಿ" ಅನ್ನೋದು. "ನನ್ನ ಕ್ಷಮಿಸು" ಅನ್ನೋದು ಕಟ್ಟಕಡೀದು. ಅದಕ್ಕ ಆಕಿ ಮುಂದ ಅಳಬ್ಯಾಡ. ನೀ ಅತ್ರ ಆಕಿನೇ ನಿನಗ ಸಮಾಧಾನ ಹೇಳಬೇಕಾಗ್ತದ. ದವಾಖಾನಿ ಬಿಲ್ಲು ಇಸಕೊಂಡು ಅರ್ಧಾ ರೊಕ್ಕ ಹಾಕು.

ಎರಡು ವಾರ ಆದ್ರೂ ನಿದ್ದಿ ಇಲ್ಲ, ಊಟ ಸೇರವಲ್ದು, ಎಲ್ಲಾದಕ್ಕೂ ನಾನೇ ಕಾರಣ ಅನಸ್ಲತ್ತದ ಅಂದ್ರ ಹಾಳಿ ಪೆನ್ನಿಂದ ಆಗಂಗಿಲ್ಲ, ಡಾಕ್ಟರಿಗೆ ತೋರಸು. ಸಾಯೋ ವಿಚಾರ ಬಂದ್ರ ಎರಡು ವಾರಾನೂ ಕಾಯಬ್ಯಾಡ. ಮನಸಿನ ತ್ರಾಸಿಗೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಅದ, 14416ಕ್ಕ ಹಚ್ಚು. ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ, ರಾತ್ರೀನೂ ಎತ್ತತಾರ.

ಇಷ್ಟು ಬರಿಯೋತನಕ ನಾ ಭಾಳ ಶ್ಯಾಣ್ಯಾ ಇದ್ದೆ. ಈಗ ನೋಡು, ಕೈ ಹಿಂದ ಸರೀಲತ್ತದ. ಈ ಭಾರ ನಿನಗ ಪೂರ್ತಿ ಇಳೀತಂದ್ರ ನೀ ಊರಿಗೆ ಯಾಕ ಬರ್ತಿ? ಹೋದೋರು ವರ್ಷಕ್ಕೊಮ್ಮೆ ಬಂದು "ಸಾರಿ ಲೇ, ಭಾಳ ದಿನಾ ಆಯ್ತು" ಅಂತ ಹೆಗಲ ಮ್ಯಾಲ ಕೈ ಹಾಕ್ತಾರಲ್ಲ, ಉಳದೋರಿಗೆ ಸಿಗೋದು ಅಷ್ಟೇ. ಅದೂ ಹೋದ್ರ ಹೆಂಗಂತ ಅಂಜಿಕಿ ಬರ್ತದ. ನಿನ್ನ ಪಾಲು ಹತ್ತಕ್ಕಿಂತ ಒಂಚೂರು ಜಾಸ್ತಿ ಉಳೀಲಿ ಅಂತ ಅನಸ್ತದ, ಖರೇ ಹೇಳ್ಲತ್ತೀನಿ.

ಹೋಗ್ಲಿ ಬಿಡು. ಇದನ್ನ ಓದಿ ನಮ್ಮ ಕಲಬುರಗಿ ಸೂಪರ್ ಮಾರ್ಕೆಟ್ ಗ್ಯಾಂಗು ವರ್ಷಗಟ್ಟಲೆ ಕಾಡ್ಸತದ. ಬರೋ ಮುಂದ ಬಾಕರವಡಿ ಎರಡು ಕಿಲೋ ತಾ. ಗಿಲ್ಟಿನಿಂದ ತಂದದ್ದಾದ್ರೂ ನಡೀತದ, ತಾಜಾ ಇರ್ಲಿ ಅಷ್ಟೇ.

ನಿನ್ನ,
ಫೀಸಿಲ್ಲದ ಡಾಕ್ಟರ್