ನಟಿಯ ಹೆಸರು ಕರಪತ್ರದಲ್ಲಿರಲಿ

ಮಾನ್ಯ ಸಂಪಾದಕರೇ,

ಕೋಲ್ಕತ್ತದ ಸ್ಟಾರ್ ಥಿಯೇಟರಿಗೆ ನಟಿ ಬಿನೋದಿನಿ ದಾಸಿಯವರ ಹೆಸರಿಡುವುದಾಗಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಯವರು 2024ರ ಡಿಸೆಂಬರ್ ಕೊನೆಯಲ್ಲಿ ಪ್ರಕಟಿಸಿದರು. ಆ ಸುದ್ದಿಯನ್ನು ಓದಿದ ದಿನದಿಂದ ನನ್ನ ಮನಸ್ಸಿನಲ್ಲಿ ಉಳಿದಿರುವ ಒಂದು ಮಾತನ್ನು ಶಿವಮೊಗ್ಗ ಜಿಲ್ಲೆಯ ನಾಟಕಾಸಕ್ತರ ಮುಂದೆ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

‘ಜಾತ್ರಾ’ ಎಂಬ ಬಂಗಾಳದ ಜಾನಪದ ನಾಟಕದ ಪ್ರದರ್ಶನಗಳಲ್ಲಿ, ನಮ್ಮ ಯಕ್ಷಗಾನದಲ್ಲಿದ್ದಂತೆಯೇ, ಸ್ತ್ರೀವೇಷವನ್ನು ಗಂಡಸರೇ ಹಾಕುತ್ತಿದ್ದರು. 1872ರಲ್ಲಿ ಟಿಕೆಟ್ ಮಾರಿ ನಾಟಕವಾಡಲು ತೊಡಗಿದ ನ್ಯಾಷನಲ್ ಥಿಯೇಟರಿನಲ್ಲೂ ಇದೇ ಕ್ರಮವಿತ್ತು. ಮರುವರ್ಷ ಬೆಂಗಾಲ್ ಥಿಯೇಟರ್ ಕವಿ ಮೈಕೇಲ್ ಮಧುಸೂದನ ದತ್ತರ ಸಲಹೆಯಂತೆ ನಾಲ್ವರು ಹೆಂಗಸರನ್ನು ನಟಿಯರಾಗಿ ಸೇರಿಸಿಕೊಂಡಿತು. ಅವರು ಬಂದದ್ದು ವೇಶ್ಯೆಯರ ಕೇರಿಯಿಂದ; ಕುಲಸ್ತ್ರೀಯರು ರಂಗವೇರುವುದು ಆ ಕಾಲಕ್ಕೆ ಯಾರ ಊಹೆಗೂ ನಿಲುಕದ ಸಂಗತಿಯಾಗಿತ್ತು. ವಿಧವಾ ವಿವಾಹಕ್ಕಾಗಿ ಹೋರಾಡಿದ ಈಶ್ವರಚಂದ್ರ ವಿದ್ಯಾಸಾಗರರಂಥವರೇ ಈ ಕಾರಣಕ್ಕೆ ಆ ರಂಗಶಾಲೆಯ ಸಂಬಂಧ ಕಡಿದುಕೊಂಡರು ಎಂದರೆ ಆಗಿನ ವಿರೋಧ ಎಷ್ಟಿದ್ದೀತು ಎಂಬುದನ್ನು ಓದುಗರೇ ಅಂದಾಜು ಮಾಡಿಕೊಳ್ಳಬಹುದು.

ಬಿನೋದಿನಿಯವರು 1874ರಲ್ಲಿ, ಇನ್ನೂ 12 ತುಂಬುವುದರೊಳಗೆ, ಗ್ರೇಟ್ ನ್ಯಾಷನಲ್ ಥಿಯೇಟರಿಗೆ ತಿಂಗಳಿಗೆ 10 ರೂಪಾಯಿ ಸಂಬಳಕ್ಕೆ ಸೇರಿದರು. ಮೊದಲು ದೊರೆತದ್ದು ದ್ರೌಪದಿಯ ಸಖಿಯ ಪುಟ್ಟ ಪಾತ್ರ. ಮುಂದಿನ ಹನ್ನೆರಡು ವರ್ಷಗಳಲ್ಲಿ ಸುಮಾರು 80 ಪಾತ್ರಗಳನ್ನು ಮಾಡಿದರು. ಗಿರೀಶ್ ಚಂದ್ರ ಘೋಷ್ ಅವರ ‘ಚೈತನ್ಯ ಲೀಲಾ’ ನಾಟಕದಲ್ಲಿ ವೈಷ್ಣವ ಸಂತ ಚೈತನ್ಯರ ಪಾತ್ರವನ್ನೇ ಅವರು ವಹಿಸಿದ್ದರು. 1884ರ ಸೆಪ್ಟೆಂಬರಿನಲ್ಲಿ ಆ ನಾಟಕವನ್ನು ನೋಡಲು ಬಂದ ರಾಮಕೃಷ್ಣ ಪರಮಹಂಸರು ಬಿನೋದಿನಿಯವರನ್ನು ಹರಸಿದ ಪ್ರಸಂಗ ಬಹಳ ಜನರಿಗೆ ಗೊತ್ತಿದೆ. ಆದರೆ ಆ ನಾಟಕ ನಡೆದ ಕಟ್ಟಡ ಎದ್ದು ನಿಂತದ್ದು ಹೇಗೆ ಎಂಬುದು ಅಷ್ಟಾಗಿ ಗೊತ್ತಿಲ್ಲ.

ಗುರ್ಮುಖ್ ರಾಯ್ ಎಂಬ ಸಿರಿವಂತ ತರುಣ ರಂಗಶಾಲೆ ಕಟ್ಟಿಸಲು ಹಣ ಕೊಡಲು ಸಿದ್ಧನಿದ್ದ. ಬಿನೋದಿನಿ ತನ್ನವಳಾಗಬೇಕೆಂಬುದು ಅವನ ಷರತ್ತು. ಜೊತೆಯ ಕಲಾವಿದರ ಒತ್ತಾಯಕ್ಕೂ ನಾಟಕದ ಮೇಲಿನ ಪ್ರೀತಿಗೂ ಕಟ್ಟುಬಿದ್ದು ಅವರು ಅದಕ್ಕೆ ಒಪ್ಪಿದರು. ಕಟ್ಟಡದ ಕೆಲಸ ಬೇಗ ಮುಗಿಯಲೆಂದು ತಾವೇ ಬುಟ್ಟಿಯಲ್ಲಿ ಮಣ್ಣು ಹೊತ್ತರು. ಆ ರಂಗಶಾಲೆಗೆ ಅವರ ಹೆಸರಿನ ಮೊದಲಕ್ಷರ ಸೇರಿಸಿ ‘ಬಿ ಥಿಯೇಟರ್’ ಎಂದು ಕರೆಯುವುದಾಗಿ ಸಂಗಡಿಗರು ಮಾತು ಕೊಟ್ಟಿದ್ದರು. 1883ರಲ್ಲಿ ನೋಂದಣಿಯ ದಿನ ಕಾಗದದಲ್ಲಿ ಬರೆಸಿದ ಹೆಸರು ಮಾತ್ರ ‘ಸ್ಟಾರ್’. ವೇಶ್ಯೆಯ ಹೆಸರು ಹೊತ್ತ ರಂಗಶಾಲೆಗೆ ಜನ ಬರಲಾರರು ಎಂಬ ಅಂಜಿಕೆ ಅದರ ಹಿಂದಿತ್ತು. 1887ರ ಆರಂಭದ ಹೊತ್ತಿಗೆ, ಇನ್ನೂ ಇಪ್ಪತ್ತನಾಲ್ಕರ ಆಸುಪಾಸಿನಲ್ಲಿದ್ದಾಗಲೇ, ಬಿನೋದಿನಿ ರಂಗದಿಂದ ಶಾಶ್ವತವಾಗಿ ದೂರ ಸರಿದರು. ಮುಂದೆ ಆತ್ಮಕಥೆ ಬರೆದು ಗುರುಗಳಾದ ಗಿರೀಶರಿಂದ ಮುನ್ನುಡಿ ಬರೆಸಿದಾಗ, ನಿಜ ಸಂಗತಿಗಳು ಆ ಮುನ್ನುಡಿಯಲ್ಲಿ ಬಿಟ್ಟುಹೋಗಿವೆ ಎಂದು ಆಕ್ಷೇಪಿಸುವ ಧೈರ್ಯವನ್ನೂ ಅವರು ತೋರಿದರು. ಈಗ ಅವರ ಹೆಸರು ಪಡೆದಿರುವುದು ಆ ಮೊದಲ ಕಟ್ಟಡವಲ್ಲ. ಅವರು ರಂಗ ಬಿಟ್ಟ ಮೇಲೆ, 1888ರಲ್ಲಿ, ಬೇರೆ ಬೀದಿಯಲ್ಲಿ ಎದ್ದ ಎರಡನೆಯ ಸ್ಟಾರ್. ಅವರು 1941ರಲ್ಲೇ ತೀರಿಕೊಂಡರು.

ಇದನ್ನು ದೂರದ ಊರಿನ ಹಳೆಯ ಕಥೆ ಎಂದು ಓದಿ ಪಕ್ಕಕ್ಕಿಡಲು ನನ್ನಿಂದ ಆಗುವುದಿಲ್ಲ. ನಾನು ಚಿಕ್ಕವನಿದ್ದಾಗ ತೀರ್ಥಹಳ್ಳಿ ಸೀಮೆಯ ನಮ್ಮ ಹಳ್ಳಿಯಲ್ಲಿ ಅಡಿಕೆ ಕೊಯ್ಲು ಮುಗಿದ ಮೇಲೆ ದೇವಸ್ಥಾನದ ಬಯಲಿನಲ್ಲಿ ಚಪ್ಪರ ಹಾಕಿ ಪೌರಾಣಿಕ ನಾಟಕ ಆಡುತ್ತಿದ್ದರು. ಗಂಡು ಪಾತ್ರಗಳಿಗೆ ಊರಿನವರು ಎರಡು ತಿಂಗಳು ಅಭ್ಯಾಸ ಮಾಡುತ್ತಿದ್ದರು. ದ್ರೌಪದಿ ಮಾತ್ರ ನಾಟಕದ ದಿನ ಮಧ್ಯಾಹ್ನದ ಬಸ್ಸಿನಲ್ಲಿ ಒಂದು ತಗಡಿನ ಟ್ರಂಕು ಹಿಡಿದುಕೊಂಡು ಒಬ್ಬರೇ ಬಂದಿಳಿಯುತ್ತಿದ್ದರು. ಹಾರ್ಮೋನಿಯಂ ಮೇಷ್ಟರ ಪಕ್ಕದಲ್ಲಿ ಕುಳಿತು ಒಂದೆರಡು ತಾಸಿನಲ್ಲಿ ಹಾಡುಗಳ ಶ್ರುತಿ ಹೊಂದಿಸಿಕೊಂಡು, ರಾತ್ರಿ ರಂಗದ ಮೇಲೆ ಮಾತು ಮರೆತು ತಡವರಿಸುವ ನಮ್ಮೂರಿನ ಭೀಮನಿಗೆ ಅವನ ಸಾಲಿನ ಮೊದಲ ಪದವನ್ನು ಪ್ರೇಕ್ಷಕರಿಗೆ ಗೊತ್ತಾಗದಂತೆ ಎತ್ತಿಕೊಟ್ಟು, ಬೆಳಗಿನ ಮೊದಲ ಬಸ್ಸಿಗೆ ಹೊರಟುಹೋಗುತ್ತಿದ್ದರು. ಅವರಿಗೆ ಊಟ ಬಡಿಸುತ್ತಿದ್ದದ್ದು ಹಿತ್ತಲ ಕಡೆಯ ಜಗಲಿಯಲ್ಲಿ. ಆ ನಾಟಕದ ಕರಪತ್ರವೊಂದು ಇಂದಿಗೂ ನನ್ನಲ್ಲಿದೆ. ಅದರಲ್ಲಿ ಪಾಂಡವರ, ಕೌರವರ, ಹಾರ್ಮೋನಿಯಂ ನುಡಿಸಿದವರ, ಪರದೆ ಒದಗಿಸಿದವರ, ಗ್ಯಾಸ್‌ಲೈಟ್ ಕೊಟ್ಟವರ ಹೆಸರುಗಳೆಲ್ಲ ಇವೆ. ಕೊನೆಯ ಸಾಲಿನಲ್ಲಿ ‘ಸ್ತ್ರೀಪಾತ್ರಗಳಲ್ಲಿ ಹೆಸರಾಂತ ನಟಿಯರು’ ಎಂದಷ್ಟೇ ಇದೆ. ಹೆಸರಾಂತರು ಎಂದು ಅಚ್ಚು ಹಾಕಿಸಿದವರಿಗೆ ಹೆಸರು ಹಾಕಿಸಬೇಕೆಂದು ತೋರಲಿಲ್ಲ.

ಸ್ತ್ರೀವೇಷಧಾರಿಗಳ ಕಲೆಯನ್ನು ಕಡೆಗಣಿಸುವುದು ನನ್ನ ಉದ್ದೇಶವಲ್ಲ. ಬಡಗುತಿಟ್ಟು ಯಕ್ಷಗಾನದ ಒಳ್ಳೆಯ ಸ್ತ್ರೀವೇಷವನ್ನು ಇಡೀ ರಾತ್ರಿ ಕಣ್ಣು ಮುಚ್ಚದೆ ನೋಡಿದವನು ನಾನು. ಕಾಲ ಬದಲಾಗಿದೆ ಎಂಬುದನ್ನೂ ಒಪ್ಪುತ್ತೇನೆ. ನಟಿ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಂಗಸರದೇ ನಾಟಕ ಮಂಡಳಿ ಕಟ್ಟಿ, ಕಂಸನಂಥ ಪಾತ್ರವನ್ನು ತಾವೇ ಮಾಡಿ ಮೆರೆದರು. ನಮ್ಮದೇ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1980ರಿಂದ ನೀನಾಸಂ ರಂಗಶಿಕ್ಷಣ ಕೇಂದ್ರದಲ್ಲಿ ಹೆಣ್ಣುಮಕ್ಕಳು ಶಾಸ್ತ್ರೀಯವಾಗಿ ಕಲಿಯುತ್ತಿದ್ದಾರೆ, ತಿರುಗಾಟದಲ್ಲಿ ಊರೂರು ಸುತ್ತುತ್ತಿದ್ದಾರೆ. ಅವರ ಹೆಸರುಗಳು ದಾಖಲೆಯಲ್ಲಿ ಉಳಿಯುತ್ತವೆ. ಉಳಿಯದೆ ಹೋಗುತ್ತಿರುವುದು ಇವರಿಗಿಂತ ಮೊದಲು ಬಂದವರ, ಮಾರಿಜಾತ್ರೆಗಳಲ್ಲಿ ಬಿಡಾರ ಹೂಡಿದ ಕಂಪನಿಗಳಲ್ಲಿ ಮತ್ತು ನಮ್ಮ ಹಳ್ಳಿಯಂಥ ಹಳ್ಳಿಗಳಲ್ಲಿ ಬಣ್ಣ ಹಚ್ಚಿದವರ ಹೆಸರುಗಳು. ಅವರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ.

ಆದ್ದರಿಂದ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಹಾಗೂ ನಾಟಕ ಅಕಾಡೆಮಿ ಜಿಲ್ಲೆಯ ಪ್ರತಿ ತಾಲ್ಲೂಕಿನಲ್ಲಿ ಇಂಥ ಹಿರಿಯ ನಟಿಯರನ್ನು ಹುಡುಕಿ, ಅವರ ಮನೆಗೇ ಹೋಗಿ, ಅವರು ಆಡಿದ ನಾಟಕ, ಹಾಡಿದ ಹಾಡು, ಓಡಾಡಿದ ಊರುಗಳ ವಿವರವನ್ನು ಅವರ ದನಿಯಲ್ಲೇ ದಾಖಲಿಸಿಕೊಳ್ಳಬೇಕೆಂದು ಕೋರುತ್ತೇನೆ. ಜಿಲ್ಲೆಯಲ್ಲಿ ಮುಂದೆ ಕಟ್ಟುವ ಒಂದು ರಂಗಮಂದಿರಕ್ಕಾದರೂ ನಟಿಯೊಬ್ಬರ ಹೆಸರಿಡಬೇಕು. ಹಳ್ಳಿಗಳ ಯುವಕ ಸಂಘದವರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು: ಈ ವರ್ಷದ ನಾಟಕಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುವುದಾದರೆ, ಅವರ ಹೆಸರನ್ನು ಊರಿನ ಸಮೇತ, ಪಾತ್ರದ ಎದುರಿಗೇ ಅಚ್ಚು ಹಾಕಿಸಿ. ನನ್ನ ಬಳಿ ಹಳೆಯ ಕರಪತ್ರಗಳ ಒಂದು ಕಟ್ಟು ಇದೆ. ಇಲಾಖೆ ಈ ಕೆಲಸವನ್ನು ಕೈಗೆತ್ತಿಕೊಂಡರೆ ಅದನ್ನು ಒಪ್ಪಿಸಲು ಸಿದ್ಧನಿದ್ದೇನೆ.

ಇಂತಿ,
ಒಬ್ಬ ಹಿರಿಯ ಓದುಗ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ