ಕಾಸರಗೋಡು ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ: ದಯವಿಟ್ಟು ಆ ದೀಪ ಆರಿಸಿ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ನಾನು ಕುಂಬಳೆಯಿಂದ ಉತ್ತರಕ್ಕೆ, ಶಿರಿಯ ಅಳಿವೆಯ ಹತ್ತಿರ ಇರುವವಳು. ನಮ್ಮ ಮನೆಗೂ ಕಡಲಿಗೂ ನಡುವೆ ಮೊದಲು ಗಾಳಿಮರದ ತೋಪು, ಮರಳಿನ ದಿಬ್ಬ ಮಾತ್ರ ಇದ್ದವು. ಈಗ ನಾಲ್ಕು ವರ್ಷದಿಂದ ಅಲ್ಲೊಂದು ಬಾಡಿಗೆ ಮನೆ ಇದೆ. ಅದರ ಅಂಗಳದ ದೀಪದ ಬಗ್ಗೆಯೇ ಈ ಪತ್ರ. ರಜೆ ಕಳೆಯಲು ಬರುವವರಿಗೆ ದಿನದ ಲೆಕ್ಕದಲ್ಲಿ ಕೊಡುತ್ತಾರೆ. ಗ್ಯಾಸ್, ಪಾತ್ರೆ ಎಲ್ಲಾ ಇದೆ, ಬಂದವರೇ ಬೇಯಿಸಿಕೊಳ್ಳಬೇಕು. ಅಡುಗೆಯವರಿಲ್ಲ, ಕಾವಲಿಗೂ ಯಾರಿಲ್ಲ. ಮಾಲೀಕರ ಮುಖ ನಾವು ಇವತ್ತಿನವರೆಗೆ ನೋಡಿಲ್ಲ.

ಬರುವವರ ಮೇಲೆ ನನಗೆ ಸಿಟ್ಟಿಲ್ಲ. ಮಕ್ಕಳಿಗೆ ಕಡಲು ತೋರಿಸಲು ಬರುತ್ತಾರೆ, ಮೀನು ಕೋಳಿ ತಂದು ಬೇಯಿಸುತ್ತಾರೆ. ಆದರೆ ಭಾನುವಾರ ಅವರು ಹೊರಟ ಮೇಲೆ ಆ ಮೀನಿನ ತಲೆ, ಕೋಳಿ ಮೂಳೆ, ಮಿಕ್ಕ ಅನ್ನ ಎಲ್ಲಿಗೆ ಹೋಗಬೇಕು? ಮನೆ ಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ಒಯ್ಯುವುದು ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್. ಹಸಿ ಕಸ ಮನೆಯವರೇ ನೋಡಿಕೊಳ್ಳಬೇಕು. ಆ ಮನೆಯಲ್ಲಿ ಮನೆಯವರೇ ಇಲ್ಲ. ಹಾಗಾಗಿ ಎಲ್ಲವೂ ಗಾಳಿಮರದ ಬುಡಕ್ಕೆ. ಅದನ್ನು ತಿನ್ನಲು ನಾಯಿಗಳು. ಮೊದಲು ಎರಡಿದ್ದವು, ಮೊನ್ನೆ 14 ಎಣಿಸಿದೆ. ಮಗಳನ್ನು ಶಾಲೆಗೆ ಕಳಿಸಲು ದಿನಾ ಕೋಲು ಹಿಡಿದು ರಸ್ತೆವರೆಗೆ ಹೋಗುತ್ತೇನೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಕಳೆದ ಜನವರಿಯಲ್ಲಿ ಒಂದು ಕಡಲಾಮೆ ದಿಬ್ಬ ಹತ್ತಿ ಮೊಟ್ಟೆ ಇಟ್ಟಿತು. ಬೆಳಿಗ್ಗೆ ಮರಳಿನ ಮೇಲೆ ಜಾಡು ನೋಡಿ ನಮ್ಮವರು ಹೇಳಿದರು. ಸುತ್ತ ಮುಳ್ಳು ಕಟ್ಟಿದೆವು, ಮೇಲೆ ಹಳೇ ಬಲೆ ಹಾಸಿದೆವು. ಒಂದು ಗೂಡಿನಲ್ಲಿ ನೂರರ ಹತ್ತಿರ ಮೊಟ್ಟೆ ಇರುತ್ತವೆ. ಮರಿಯಾಗಲು 45ರಿಂದ 60 ದಿನ ಬೇಕು. ಮರಿಗಳು ಬರುವ ಹೊತ್ತಿಗೆ ಬಲೆ ತೆಗೆದಿಟ್ಟು, ಮಗಳು ಕ್ಯಾಲೆಂಡರಿನಲ್ಲಿ ದಿನ ಗುರುತು ಹಾಕುತ್ತಾ ಕಾದಳು.

51ನೇ ರಾತ್ರಿ ನಾಯಿಗಳ ಗಲಾಟೆಗೆ ಎಚ್ಚರವಾಯಿತು. ಆಮೆ ಮರಿ ಬೆಳಕಿದ್ದ ಕಡೆ ಹೋಗುತ್ತದೆ. ಕತ್ತಲಿದ್ದರೆ ಕಡಲೇ ಬೆಳ್ಳಗೆ ಕಾಣುತ್ತದೆ, ಅವು ನೀರಿಗೆ ಇಳಿಯುತ್ತವೆ. ಅವತ್ತು ಅವು ಕಡಲಿಗೆ ಬೆನ್ನು ಹಾಕಿ ಆ ಮನೆಯ ಅಂಗಳದ ದೊಡ್ಡ ದೀಪದ ಕಡೆ ಹೋಗಿದ್ದವು. ನಾಯಿಗಳು ಅಲ್ಲೇ ಇದ್ದವು. ನಾನೂ ಮಗಳೂ ಬುಟ್ಟಿಯಲ್ಲಿ ಹೆಕ್ಕಿ ನೀರಿಗೆ ಬಿಟ್ಟದ್ದು 11 ಮರಿ. ದೀಪ ಆರಿಸಿ ಅಂತ ಬಾಗಿಲು ಬಡಿದೆವು. ಒಳಗೆ ಯಾರೂ ಇರಲಿಲ್ಲ. ಖಾಲಿ ಮನೆಗೆ ಇಡೀ ರಾತ್ರಿ ದೀಪ! ಮಗಳು ಮಣ್ಣಿನಲ್ಲಿ ಕೂತು ಅತ್ತಳು. ನನಗೂ ತಡೆಯಲಾಗಲಿಲ್ಲ.

ಮೂರು ಸಲ ಅರ್ಜಿ ಕೊಟ್ಟೆ, ಕನ್ನಡದಲ್ಲಿ. ಉತ್ತರ ಬಂದದ್ದು ಒಂದಕ್ಕೆ, ಅದೂ ಮಲಯಾಳದಲ್ಲಿ. ಪಕ್ಕದ ಮನೆಯವರಿಂದ ಓದಿಸಿದೆ. ದೂರನ್ನು ಬೇರೆ ವಿಭಾಗಕ್ಕೆ ಕಳಿಸಿದ್ದೇವೆ ಅಂತ ಇತ್ತು. ಆಮೇಲೆ ಏನೂ ಇಲ್ಲ. ಇನ್ನೆಷ್ಟು ಸಲ ಬರೆಯಬೇಕು? ಇದು ಕನ್ನಡದವರ ಊರೂ ಹೌದು, ಅಲ್ವಾ?

ನಿಯಮ ನಾನು ನಿಮಗೆ ಹೇಳಿಕೊಡಬೇಕಾಗಿಲ್ಲ. ಆಮೆ ಮೊಟ್ಟೆ ಇಡುವ ಜಾಗ, ಮರಳಿನ ದಿಬ್ಬ ಎರಡೂ 2019ರ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆಯಲ್ಲಿ ಅತಿ ಸೂಕ್ಷ್ಮ ಜಾಗಗಳ 1ಎ ವರ್ಗದಲ್ಲಿವೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಈ ಆಮೆಗೂ ಹುಲಿಗೂ ಒಂದೇ ಅನುಸೂಚಿ. ಸಿಆರ್‌ಝಡ್ ನೋಡಿಕೊಳ್ಳುವ ಜಿಲ್ಲಾ ಸಮಿತಿಗೆ ಅಧ್ಯಕ್ಷರು ನೀವೇ. ನಮ್ಮದೇ ಜಿಲ್ಲೆಯ ನೀಲೇಶ್ವರದ ತೈಕಡಪ್ಪುರದಲ್ಲಿ ಜನ ಮೊಟ್ಟೆ ಕಾದು ಮರಿಗಳನ್ನು ಕಡಲಿಗೆ ಬಿಡುತ್ತಾರೆ. ನಮ್ಮ ಕಡೆ ಕಾಯಲು ನಾವಿದ್ದೇವೆ. ದೀಪ ಆರಿಸುವ ಅಧಿಕಾರ ಮಾತ್ರ ನಮಗಿಲ್ಲ.

ಕಡಲಿನ ಕಡೆಗಿರುವ ಆ ದೀಪ ರಾತ್ರಿ ಆರಬೇಕು. ಅಡುಗೆ ಕಸಕ್ಕೆ ಹೊಣೆಯಾಗಿ ಒಬ್ಬರು ಆ ಮನೆಯಲ್ಲಿ ಇರಬೇಕು. ಅದಾಗದಿದ್ದರೆ ಆಮೆ ಬರುವ ತಿಂಗಳುಗಳಲ್ಲಿ ಮನೆ ಬಾಡಿಗೆಗೆ ಕೊಡಬಾರದು. ಇನ್ನು ಸ್ವಲ್ಪ ದಿನದಲ್ಲಿ ಅವು ಮತ್ತೆ ಬರುತ್ತವೆ. ಅದಕ್ಕೆ ಮೊದಲು ದೀಪ ಆರಿಸಿ.

ನೋಡಲು ಬರುವುದಾದರೆ ರಾತ್ರಿ ಬನ್ನಿ. ಹಗಲು ಬಂದರೆ ಚಂದದ ಮನೆ ಮಾತ್ರ ಕಾಣುತ್ತದೆ. ಎಷ್ಟು ಹೊತ್ತಿಗೆ ಬಂದರೂ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ.

ಇಂತಿ,
ಶಿರಿಯ ಕಡಲ ಬದಿಯ ಒಬ್ಬ ತಾಯಿ